ವಯಸ್ಸಾದಂತೆ ಸಡಿಲಗೊಳ್ಳುವ ಕ್ರೊಮ್ಯಾಟಿನ್

[ದೃಶ್ಯ: ಉಡುಪಿ ಸೀರೆಯ ಕೈಮಗ್ಗ, ಕಂಡಿಕೆಗೆ ನೂಲು ಸುತ್ತುತ್ತಿರುವ ಕೈಗಳು]

ನಿರೂಪಣೆ: ಮಂಗಳೂರು, ಉಡುಪಿಯ ವೀಕ್ಷಕರಿಗೆಲ್ಲ ನಮಸ್ಕಾರ. ಈ ನೇಕಾರರು ಕಂಡಿಕೆಗೆ ನೂಲು ಸುತ್ತಿಡುವಂತೆಯೇ, ನಮ್ಮ ಒಂದೊಂದು ಜೀವಕೋಶವೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎಯನ್ನು ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿ, ಕೆಲವೇ ಮೈಕ್ರೋಮೀಟರ್ ಅಗಲದ ಕೋಶಕೇಂದ್ರದೊಳಗೆ ಇರಿಸಿಕೊಂಡಿದೆ. ಎಂಟು ಹಿಸ್ಟೋನ್‌ಗಳ ಒಂದು ಗುಂಪಿನ ಸುತ್ತ 147 ಪ್ರತ್ಯಾಮ್ಲ ಜೋಡಿಗಳಷ್ಟು, ಅಂದರೆ ಡಿಎನ್‌ಎ ಏಣಿಯ 147 ಮೆಟ್ಟಿಲುಗಳಷ್ಟು, ಡಿಎನ್‌ಎ ಸುತ್ತಿಕೊಂಡಿರುತ್ತದೆ. ಈ ಇಡೀ ಕಟ್ಟಿಗೆ ಕ್ರೊಮ್ಯಾಟಿನ್ ಎಂದು ಹೆಸರು.

[ಅನಿಮೇಷನ್: ಬಿಗಿಯಾದ ಮತ್ತು ಸಡಿಲವಾದ ಕ್ರೊಮ್ಯಾಟಿನ್]

ಕಟ್ಟು ಸಡಿಲವಿರುವಲ್ಲಿ ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವವು ಜೀನನ್ನು ಓದಿ ಆರ್‌ಎನ್‌ಎ ಪ್ರತಿಯನ್ನು ತಯಾರಿಸುತ್ತದೆ, ಇದೇ ಪ್ರತಿಲೇಖನ. ಬಿಗಿಯಾದ ಭಾಗದ ಜೀನ್‌ಗಳು ಸುಮ್ಮನಿರುತ್ತವೆ. ಯಕೃತ್ತಿನ ಕೋಶವು ನರಕೋಶದ ಕೆಲಸಕ್ಕೆ ಕೈಹಾಕದಿರುವುದು ಬಹುಮಟ್ಟಿಗೆ ಈ ಏರ್ಪಾಡಿನಿಂದಲೇ.

ವಯಸ್ಸಾದಂತೆ ಬಿಗಿಯಾಗಿರಬೇಕಾದ ಭಾಗಗಳು ಸಡಿಲಗೊಳ್ಳತೊಡಗುತ್ತವೆ. ನಮ್ಮ ಜೀನೋಮಿನ ಸುಮಾರು ಶೇ. 17ರಷ್ಟನ್ನು ಆವರಿಸಿರುವ ಲೈನ್-1 ಎಂಬ ಪುನರಾವರ್ತಿತ ತುಣುಕುಗಳಲ್ಲಿ ಕೆಲವು ಆಗ ಮತ್ತೆ ಚುರುಕಾಗುತ್ತವೆ. ಅವುಗಳಿಂದ ಹುಟ್ಟಿದ ಡಿಎನ್‌ಎ ಕೋಶದ್ರವಕ್ಕೆ ಸೇರಿದಾಗ, ಕೋಶವು ಅದನ್ನು ವೈರಸ್ ಎಂದೇ ಭಾವಿಸಿ ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನನ್ನು ಸ್ರವಿಸುತ್ತದೆ. ಸೋಂಕೇ ಇಲ್ಲದಿದ್ದರೂ ಮುಪ್ಪಿನ ಅಂಗಾಂಶಗಳಲ್ಲಿ ಉರಿಯೂತ ಉಳಿದುಕೊಳ್ಳುವುದಕ್ಕೆ ಇದೂ ಒಂದು ಕಾರಣ.

[ಅನಿಮೇಷನ್: ಡಿಎನ್‌ಎ ಮೇಲೆ ಚಲಿಸುವ ಪಾಲಿಮರೇಸ್]

ನನಗೆ ಎಲ್ಲಕ್ಕಿಂತ ಮಹತ್ವದ್ದೆನಿಸುವುದು 2023ರಲ್ಲಿ ಪ್ರಕಟವಾದ ಸಂಶೋಧನೆ. ಹುಳು, ಹಣ್ಣುನೊಣ, ಇಲಿಗಳಿಂದ ಹಿಡಿದು ಮನುಷ್ಯರ ತನಕ, ವಯಸ್ಸಾದಂತೆ ಪಾಲಿಮರೇಸಿನ ವೇಗ ಸರಾಸರಿಯಲ್ಲಿ ಹೆಚ್ಚುತ್ತದೆ ಎಂದು ಅದು ತೋರಿಸಿತು. ಮುಪ್ಪೆಂದರೆ ಎಲ್ಲವೂ ನಿಧಾನವಾಗುವುದು ಎಂದು ತಿಳಿದಿರುವ ನಮಗೆ ಇದು ಅಚ್ಚರಿಯ ವಿಷಯ. ಆದರೆ ಈ ವೇಗದಿಂದ ಲಾಭವಿಲ್ಲ: ಆರ್‌ಎನ್‌ಎ ಪ್ರತಿಯಲ್ಲಿ ತಪ್ಪುಗಳು ಹೆಚ್ಚುತ್ತವೆ, ಅದರ ತುಂಡುಗಳನ್ನು ಕತ್ತರಿಸಿ ಜೋಡಿಸುವ ಕ್ರಮವೂ ಬದಲಾಗುತ್ತದೆ. ಕ್ರೊಮ್ಯಾಟಿನ್ ಕಟ್ಟಿನ ಪಾತ್ರವನ್ನು ತಿಳಿಯಲು ಹಣ್ಣುನೊಣಗಳಲ್ಲಿ ಹಿಸ್ಟೋನ್ ಪ್ರಮಾಣವನ್ನು ಹೆಚ್ಚಿಸಿದಾಗ ಅವುಗಳ ಆಯುಸ್ಸು ಹೆಚ್ಚಿತು. ಮನುಷ್ಯರ ಕೋಶಗಳಲ್ಲಿ ಹಾಗೆ ಮಾಡಿದಾಗ ಪಾಲಿಮರೇಸಿನ ವೇಗ ತಗ್ಗಿತು. ಇದರಿಂದ ಮನುಷ್ಯರ ಆಯುಸ್ಸು ಹೆಚ್ಚುತ್ತದೆಂದು ಹೇಳಲು ಬರುವುದಿಲ್ಲ.

[ದೃಶ್ಯ: ದೇಹದ ಅಂಗಾಂಶಗಳ ಚಿತ್ರ]

ಎಲ್ಲ ಅಂಗಾಂಶಗಳೂ ಒಂದೇ ಬಗೆಯಲ್ಲಿ ಮುಪ್ಪಾಗುವುದಿಲ್ಲ. ಉರಿಯೂತದ ಜೀನ್‌ಗಳ ಚಟುವಟಿಕೆ ಏರುವುದೂ ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯದ ಜೀನ್‌ಗಳ ಚಟುವಟಿಕೆ ಇಳಿಯುವುದೂ ಹಲವೆಡೆ ಕಾಣುತ್ತದೆ. ಆದರೆ ಕರುಳಿನ ಒಳಪದರದ ಕೋಶಗಳು ಸದಾ ವಿಭಜಿಸುತ್ತವೆ, ನರಕೋಶಗಳು ವಿಭಜಿಸುವುದೇ ಇಲ್ಲ. ಹೀಗಾಗಿ ನರಕೋಶಗಳಲ್ಲಿ, ವಿಭಜನೆಯಿಲ್ಲದೆಯೂ ತಯಾರಾಗುವ ಎಚ್3.3 ಎಂಬ ಹಿಸ್ಟೋನ್ ರೂಪವು ವಯಸ್ಸಿನೊಂದಿಗೆ ಶೇಖರವಾಗುತ್ತ ಬರುತ್ತದೆ. ಡಿಎನ್‌ಎಯ 353 ತಾಣಗಳಲ್ಲಿನ ಮೀಥೈಲ್ ಎಂಬ ರಾಸಾಯನಿಕ ಗುರುತುಗಳಿಂದ ವಯಸ್ಸನ್ನು ಅಂದಾಜಿಸುವ ವಿಧಾನವನ್ನು ವಿಜ್ಞಾನಿ ಸ್ಟೀವ್ ಹೋರ್ವಾತ್ 2013ರಲ್ಲಿ ಪ್ರಕಟಿಸಿದರು. ಅದರಿಂದ ಅಳೆದಾಗ, ವೃದ್ಧರ ಕಿರುಮಿದುಳಿನ ವಯಸ್ಸು ಅದೇ ದೇಹದ ಇತರ ಅಂಗಾಂಶಗಳ ವಯಸ್ಸಿಗಿಂತ ಕಡಿಮೆ ಕಂಡುಬಂದಿದೆ.