ಸೀಟಿನ ಮೇಲೆ ಟವೆಲ್

ಕೇಳುಗರಿಗೆ ನಮಸ್ಕಾರ.

ಕಬ್ಬು ಅರೆಯುವ ಹಂಗಾಮಿನಲ್ಲಿ ಮಂಡ್ಯದ ಕಡೆ ರಾತ್ರಿ ಹೊತ್ತು ಓಡಾಡಿದವರಿಗೆ ಈ ನೋಟ ಗೊತ್ತಿರುತ್ತದೆ. ಕಾರ್ಖಾನೆಯ ಗೇಟಿನಿಂದ ಶುರುವಾಗಿ ರಸ್ತೆಯುದ್ದಕ್ಕೂ ಕಬ್ಬು ಹೇರಿದ ಟ್ರಾಕ್ಟರ್‌ಗಳ ಸಾಲು. ಗಂಟೆಗೊಮ್ಮೆ ನಾಲ್ಕು ಮಾರು ಮುಂದೆ ಹೋದರೆ ಪುಣ್ಯ. ನನ್ನ ಅಕ್ಕನ ಮಗ ಒಬ್ಬ ಅಲ್ಲಿ ಟ್ರಾಕ್ಟರ್ ಓಡಿಸುತ್ತಾನೆ. ಹೋದ ಹಂಗಾಮಿನಲ್ಲಿ ಒಂದು ರಾತ್ರಿ ಅವನಿಗೆ ಊಟದ ಡಬ್ಬಿ ಕೊಡೋಕೆ ಹೋಗಿದ್ದೆ. ಸೀಟಿನ ಪಕ್ಕ ಎರಡು ಖಾಲಿ ಬಾಟಲಿ ಬಿದ್ದಿದ್ದವು. ಕೆಂಪು ಬಣ್ಣದ್ದು. ಬೀಡಾ ಅಂಗಡಿಯಲ್ಲಿ ಬಾಳೆಹಣ್ಣಿನ ಗೊನೆ ಪಕ್ಕದಲ್ಲೇ ಸಿಗುತ್ತಲ್ಲ, ಆ ಎನರ್ಜಿ ಡ್ರಿಂಕು.

"ಏನೋ ಇದು?" ಅಂದೆ.

"ಒಂದ್ ಬಾಟ್ಲು ಕುಡುದ್ರೆ ಬೆಳಗಾನ ಕಣ್ಣ್ ಮುಚ್ಚಾಕಿಲ್ಲ ಮಾವ" ಅಂದ.

ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದವನು. ನಿವೃತ್ತಿಯಾದರೂ ಚಟ ಹೋಗಿಲ್ಲ. ಬಾಟಲಿ ಎತ್ತಿಕೊಂಡು ಹಿಂದೆ ತಿರುಗಿಸಿ ನೋಡಿದೆ. ಅಕ್ಷರ ಸಾಸಿವೆಗಿಂತ ಸಣ್ಣದು. ಕನ್ನಡಕ ಹಾಕಿಕೊಂಡರೂ ಆಗಲಿಲ್ಲ. ಕೊನೆಗೆ ಅವನ ಮೊಬೈಲಿನಲ್ಲೇ ಫೋಟೋ ತೆಗೆದು, ದೊಡ್ಡದು ಮಾಡಿ ಓದಿದೆವು. 100 ಎಂಎಲ್‌ಗೆ ಕೆಫೀನ್, ಅಂದರೆ ನಿದ್ದೆ ತಡೆಯುವ ವಸ್ತು, 29 ಮಿಲಿಗ್ರಾಂ ಅಂತಿತ್ತು.

"ಅಷ್ಟೇನಾ?" ಅಂದ ಹುಡುಗ.

ಇಲ್ಲೇ ಎಲ್ಲರೂ ಎಡವೋದು. ಅದು 100 ಎಂಎಲ್‌ನ ಲೆಕ್ಕ. ಬಾಟಲಿ 250 ಎಂಎಲ್‌ದು. 29ನ್ನು ಎರಡೂವರೆಯಿಂದ ಗುಣಿಸಿದರೆ ಹತ್ತಿರ ಹತ್ತಿರ 72 ಮಿಲಿಗ್ರಾಂ. ಎರಡು ಬಾಟಲಿಗೆ 145. ದೊಡ್ಡ ಅಕ್ಷರದಲ್ಲಿ ಮುಂದೆ ಬರೆದಿರುವುದು ಹೆಸರು ಮಾತ್ರ. ನಮಗೆ ಬೇಕಾದ ಎರಡು ಅಂಕಿ, 100 ಎಂಎಲ್‌ಗೆ ಎಷ್ಟು ಅನ್ನೋದು ಮತ್ತು ಬಾಟಲಿಯಲ್ಲಿ ಒಟ್ಟು ಎಷ್ಟು ಎಂಎಲ್ ಅನ್ನೋದು, ಹಿಂದುಗಡೆ ಮೂಲೆಯಲ್ಲಿರುತ್ತವೆ. ಗುಣಾಕಾರ ನಾವೇ ಮಾಡಿಕೊಳ್ಳಬೇಕು.

ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಇದಕ್ಕೊಂದು ಬೇಲಿ ಹಾಕಿದೆ. ಇಂಥ ಪಾನೀಯಗಳಲ್ಲಿ ಲೀಟರಿಗೆ 145 ಮಿಲಿಗ್ರಾಂಗಿಂತ ಕಡಿಮೆ ಕೆಫೀನ್ ಇರಬಾರದು, 300 ಮಿಲಿಗ್ರಾಂ ಮೀರಬಾರದು. ಅಂದರೆ 250 ಎಂಎಲ್ ಬಾಟಲಿಯಲ್ಲಿ ಜಾಸ್ತಿ ಅಂದರೆ 75. ದಿನಕ್ಕೆ 500 ಎಂಎಲ್‌ಗಿಂತ ಹೆಚ್ಚು ಬೇಡ, ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ ಬೇಡ ಅನ್ನುವ ಮಾತೂ ಅದೇ ಸಣ್ಣ ಅಕ್ಷರದಲ್ಲಿರುತ್ತದೆ. ಹೊರದೇಶದಿಂದ ಯಾರೋ ತಂದುಕೊಟ್ಟ ಡಬ್ಬ ಆದರೆ ಈ ಲೆಕ್ಕ ನಂಬಬೇಡಿ. ಅಲ್ಲಿನ ಕಾನೂನು ಬೇರೆ, ಡಬ್ಬದ ಗಾತ್ರವೂ ಬೇರೆ.

ಹಾಗಾದರೆ ದಿನಕ್ಕೆ ಎಷ್ಟು ಕೆಫೀನ್ ಆಗಬಹುದು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರಲ್ಲಿ ಕೊಟ್ಟ ಆಹಾರ ಸೂಚಿಯಲ್ಲಿ 300 ಮಿಲಿಗ್ರಾಂ ಅಂದಿದ್ದಾರೆ. ಯುರೋಪಿನ ಆಹಾರ ಸುರಕ್ಷತೆಯವರು 2015ರಲ್ಲಿ ಆರೋಗ್ಯವಂತ ದೊಡ್ಡವರಿಗೆ 400ರ ತನಕ ಪರವಾಗಿಲ್ಲ, ಆದರೆ ಒಂದೇ ಸಲಕ್ಕೆ 200 ದಾಟಬಾರದು ಅಂದಿದ್ದರು. ನಾನು ನಮ್ಮ 300ನ್ನೇ ಹಿಡಿಯುತ್ತೇನೆ. ಯಾಕೆಂದರೆ ನಾವು ಮೈಸೂರು ಸೀಮೆಯವರು. ನಮಗೆ ಈ ಬಾಟಲಿ ಬರುವ ಮೊದಲೇ ಇನ್ನೊಂದು ಖಾತೆ ತೆರೆದಿರುತ್ತದೆ. ಕಾಫಿ ಖಾತೆ.

ಅದೇ ಸಂಸ್ಥೆಯವರ ಲೆಕ್ಕದಲ್ಲಿ 150 ಎಂಎಲ್‌ನ ಒಂದು ಕಪ್ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ. ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65. ಟೀಯಲ್ಲಿ 30ರಿಂದ 65. ಕೇಳಿ ಆಶ್ಚರ್ಯ ಆಯಿತಾ? ನಮ್ಮ ಫಿಲ್ಟರ್ ಕಾಫಿಯ ಒಂದು ದೊಡ್ಡ ಲೋಟ, ಆ ಕೆಂಪು ಬಾಟಲಿಗೆ ಏನೂ ಕಮ್ಮಿ ಇಲ್ಲ.

ಇನ್ನೊಂದು ತಮಾಷೆ ನೋಡಿ. ಬಾಟಲಿಯಾದರೂ ತನ್ನ ಲೆಕ್ಕ ಮೈಮೇಲೆ ಬರೆದುಕೊಂಡಿದೆ. ನಮ್ಮ ಕಾಫಿ ಬರೆದುಕೊಂಡಿಲ್ಲ. ಮೈಸೂರಿನಲ್ಲಿ ಕಾಫಿಪುಡಿ ಅಂಗಡಿಗೆ ಹೋದರೆ ಕಣ್ಣೆದುರಿಗೇ ಹುರಿದು, ಬೀಸಿ, ಬಿಸಿಬಿಸಿ ಪೊಟ್ಟಣ ಕಟ್ಟಿಕೊಡುತ್ತಾರೆ. ಆ ವಾಸನೆಗೆ ಸೋಲದವರು ಯಾರು? ಆದರೆ ಅದರಲ್ಲಿ ಅರೇಬಿಕಾ ಎಷ್ಟು, ರೊಬಸ್ಟಾ ಎಷ್ಟು ಅಂತ ನಾವು ಕೇಳುವುದು ರುಚಿಗೋಸ್ಕರ. ಕೆಫೀನಿಗೋಸ್ಕರ ಅಲ್ಲ. ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಸುಮಾರು ಎರಡು ಪಟ್ಟು ಕೆಫೀನ್ ಇರುತ್ತದೆ. ಚಿಕೋರಿಯಲ್ಲಿ ಒಂದಿಷ್ಟೂ ಇಲ್ಲ. ಚಿಕೋರಿ ಜಾಸ್ತಿ ಹಾಕಿದರೆ ಬಣ್ಣ ಕಪ್ಪಾಗುತ್ತದೆ, ಗಟ್ಟಿಯಾಗಿ ಕಾಣುತ್ತದೆ, ಕೆಫೀನ್ ಮಾತ್ರ ಕಡಿಮೆಯಾಗುತ್ತದೆ. ಹಾಗಾಗಿ ಬಣ್ಣ ನೋಡಿ "ಸ್ಟ್ರಾಂಗ್" ಅನ್ನುವ ನಮ್ಮ ಮಾತು ಅರ್ಧ ಸುಳ್ಳು.

ಹಾಗಾದರೆ ಬಾಟಲಿ ಮೇಲೆ ಯಾಕೆ ಇಷ್ಟು ಮಾತು ಅಂತ ಕೇಳಬಹುದು. ಕಾರಣ, ಕುಡಿಯುವ ರೀತಿ. ಬಿಸಿ ಕಾಫಿಯನ್ನು ಯಾರೂ ಗಟಗಟ ಕುಡಿಯುವುದಿಲ್ಲ. ಲೋಟದಿಂದ ಬಟ್ಟಲಿಗೆ ಹುಯ್ದು, ಊದಿ, ಪೇಪರ್ ತಿರುವುತ್ತಾ ಹತ್ತು ನಿಮಿಷ ಕುಡಿಯುತ್ತೇವೆ. ತಣ್ಣಗಿನ ಸಿಹಿ ಪಾನೀಯ ಬಿಸಿಲಲ್ಲಿ ಕೈಗೆ ಸಿಕ್ಕರೆ ನಾಲ್ಕು ಗುಟುಕಿಗೆ ಮುಗಿಯಿತು. ಒಂದು ಸಾಲದು ಅನಿಸಿ ಇನ್ನೊಂದಕ್ಕೆ ಕೈ ಹೋಗುತ್ತದೆ. ಕೆಫೀನ್ ರಕ್ತದಲ್ಲಿ ಪೂರ್ತಿ ಏರೋಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಮೊದಲನೆಯದು ಕೆಲಸ ಶುರು ಮಾಡುವ ಮೊದಲೇ ಎರಡನೆಯದೂ ಒಳಗೆ ಹೋಗಿರುತ್ತದೆ.

ಈ ಕೆಫೀನ್ ಮಾಡುವ ಕೆಲಸವಾದರೂ ಏನು? ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಅದನ್ನು ದಿನಾ ನೋಡುತ್ತೇವೆ. ಬಸ್ ಇನ್ನೂ ನಿಂತಿರುವುದಿಲ್ಲ, ಯಾರೋ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆಯುತ್ತಾರೆ. ಸೀಟು ಖಾಲಿಯೇ ಇದೆ, ಆದರೆ ಬೇರೆ ಯಾರೂ ಕೂರೋ ಹಾಗಿಲ್ಲ. ನಾವು ಎಚ್ಚರ ಇದ್ದಷ್ಟೂ ಹೊತ್ತು ಮಿದುಳಿನಲ್ಲಿ ಅಡೆನೊಸಿನ್ ಅನ್ನುವ ವಸ್ತು ಸೇರುತ್ತಾ ಹೋಗುತ್ತದೆ. ಅದು ಹೋಗಿ ತನ್ನ ಸೀಟಿನಲ್ಲಿ ಕೂತಾಗ ನಮಗೆ ತೂಕಡಿಕೆ. ಕೆಫೀನ್ ಆ ಸೀಟುಗಳ ಮೇಲೆ ಟವೆಲ್ ಹಾಕುತ್ತದೆ. ಅಡೆನೊಸಿನ್ ಬಸ್ಸಿನಿಂದ ಇಳಿದು ಹೋಗಲಿಲ್ಲ, ನಿಂತುಕೊಂಡೇ ಇದೆ. ಹೊಸಬರೂ ಹತ್ತುತ್ತಿದ್ದಾರೆ. ಟವೆಲ್ ತೆಗೆದ ಕೂಡಲೇ ಎಲ್ಲರೂ ಒಟ್ಟಿಗೆ ಕೂರುತ್ತಾರೆ. ಬೆಳಗಿನ ಜಾವ ನಾಲ್ಕು ಗಂಟೆಗೆ ಸ್ಟಿಯರಿಂಗ್ ಹಿಡಿದವನಿಗೆ ಇದ್ದಕ್ಕಿದ್ದಂತೆ ಕಣ್ಣು ಕತ್ತಲೆ ಬರುವ ಹಾಗೆ ನಿದ್ದೆ ಬರೋದು ಹೀಗೆ.

ಅದಕ್ಕೇ "ಎನರ್ಜಿ" ಅನ್ನುವ ಹೆಸರಿನ ಮೇಲೆ ನನಗೆ ಸ್ವಲ್ಪ ಸಿಟ್ಟು. ಕೆಫೀನಿನಲ್ಲಿ ಶಕ್ತಿ ಇಲ್ಲ, ಒಂದು ಕ್ಯಾಲರಿಯೂ ಇಲ್ಲ. ಆ ಬಾಟಲಿಯಲ್ಲಿ ಶಕ್ತಿ ಅಂತ ಇರೋದು ಸಕ್ಕರೆ. ಕೆಲವು ಡಬ್ಬಗಳಲ್ಲಿ 100 ಎಂಎಲ್‌ಗೆ 11 ಗ್ರಾಂ ಸಕ್ಕರೆ ಇರುತ್ತದೆ. 250 ಎಂಎಲ್‌ಗೆ 27 ಗ್ರಾಂ, ಐದಾರು ಚಮಚ. ಮಂಡ್ಯದವರಿಗೆ ಸಕ್ಕರೆ ಬೇಕು ಅಂದರೆ ಬಾಟಲಿಯೇ ಬೇಕಾ, ಬಿಡಿ. ಇನ್ನು ಟೌರಿನ್ ಅಂತ ಒಂದು ಹೆಸರಿರುತ್ತದೆ. 1827ರಲ್ಲಿ ಅದನ್ನು ಮೊದಲು ಎತ್ತಿನ ಪಿತ್ತರಸದಿಂದ ಬೇರ್ಪಡಿಸಿದ್ದರಿಂದ ಎತ್ತಿನ ಲ್ಯಾಟಿನ್ ಹೆಸರೇ, ಟೌರಸ್ ಅನ್ನೋದೇ, ಅದಕ್ಕೆ ಅಂಟಿಕೊಂಡಿದೆ. ಕುಡಿದರೆ ಎತ್ತಿನ ಬಲ ಬರುತ್ತದೆ ಅಂತ ಯಾರೂ ತಿಳಿಯಬೇಕಾಗಿಲ್ಲ. ಈಗ ಅದನ್ನು ಕಾರ್ಖಾನೆಯಲ್ಲೇ ತಯಾರಿಸುತ್ತಾರೆ. ಗ್ವಾರಾನಾ ಅಂತ ಬರೆದಿದ್ದರೆ ಮಾತ್ರ ಹುಷಾರು. ಅದು ಗಿಡಮೂಲಿಕೆ ಹೆಸರಿನಲ್ಲಿ ಬರುವ ಕೆಫೀನೇ.

ಈಗ ನನ್ನದೇ ಒಂದು ಕತೆ ಹೇಳಿಬಿಡುತ್ತೇನೆ. ಕೆಲಸದಲ್ಲಿದ್ದಾಗ ಒಂದು ವರ್ಷ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆ ಮನೆಗೆ ತಂದಿದ್ದೆ. ಮಾರನೇ ದಿನ ಅಂಕ ಕೊಡಲೇಬೇಕು. ಬೆಳಗಿನಿಂದ ನಾಲ್ಕು ಕಾಫಿ ಆಗಿತ್ತು. ಸಂಜೆ ಏಳಕ್ಕೆ, ಮಗ ಫ್ರಿಜ್ಜಿನಲ್ಲಿ ಇಟ್ಟಿದ್ದ ಡಬ್ಬ ಒಂದನ್ನು ತೆಗೆದು ಕುಡಿದೆ. ಪತ್ರಿಕೆ ಹನ್ನೊಂದಕ್ಕೇ ಮುಗಿಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಆಮೇಲೆ ಮಲಗಿದರೆ ಎದೆ ಡವಡವ. ಬೆರಳು ಸಣ್ಣಗೆ ನಡುಗುತ್ತಿತ್ತು. ಫ್ಯಾನಿನ ಕಟಕಟ ಸದ್ದು ಎಣಿಸುತ್ತಾ ಮಲಗಿದ್ದೆ. ಹಾಲಿನ ವ್ಯಾನ್ ಬಂದ ಸದ್ದೂ ಕೇಳಿಸಿತು. ಬೆಳಿಗ್ಗೆ ಕಾಲೇಜಿನಲ್ಲಿ ಒಬ್ಬ ಹುಡುಗಿ ಪತ್ರಿಕೆ ಹಿಡಿದುಕೊಂಡು ಬಂದಳು. "ಸಾರ್, ಟೋಟಲ್‌ನಲ್ಲಿ ಏಳು ಮಾರ್ಕ್ಸ್ ಬಿಟ್ಟೋಗಿದೆ" ಅಂದಳು. ಹೌದು, ಬಿಟ್ಟುಹೋಗಿತ್ತು. ಅವಳದೊಂದೇ ಅಲ್ಲ, ಇನ್ನೂ ಮೂರು ಪತ್ರಿಕೆಯಲ್ಲಿ. ರಾತ್ರಿ ಕಣ್ಣು ಎಚ್ಚರವಾಗಿತ್ತು, ತಲೆ ಆಗಿರಲಿಲ್ಲ.

ಅವತ್ತು ನಾನು ಮರೆತಿದ್ದು ಗಡಿಯಾರ. ದೊಡ್ಡವರ ಮೈಯಲ್ಲಿ ಕೆಫೀನ್ ಅರ್ಧಕ್ಕೆ ಇಳಿಯೋಕೆ ಸರಾಸರಿ ಐದು ಗಂಟೆ ಬೇಕು. ಸಂಜೆ ಏಳಕ್ಕೆ 75 ಕುಡಿದರೆ ರಾತ್ರಿ ಹನ್ನೆರಡಕ್ಕೆ 37 ಉಳಿದಿರುತ್ತದೆ. ಬೆಳಗಿನ ಜಾವ ಐದಕ್ಕೂ 18, 19. ಇದು ಸರಾಸರಿ ಮಾತ್ರ. ಗರ್ಭಿಣಿಯರಲ್ಲಿ ಇದು ತುಂಬಾ ನಿಧಾನ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲೂ ನಿಧಾನ. ಸಿಪ್ರೊಫ್ಲಾಕ್ಸಾಸಿನ್ ಅನ್ನುವ ಆಂಟಿಬಯಾಟಿಕ್ ನುಂಗುತ್ತಿದ್ದರೂ ಅಷ್ಟೇ, ಕೆಫೀನ್ ಬೇಗ ಕರಗುವುದಿಲ್ಲ. ಕೆಲವು ತಲೆನೋವಿನ ಮಾತ್ರೆಗಳಲ್ಲಂತೂ ಕೆಫೀನೇ ಇರುತ್ತದೆ. ಅದನ್ನೂ ಇದೇ ಖಾತೆಗೆ ಬರೆಯಬೇಕು. ನನ್ನ ಮಟ್ಟಿಗೆ ಮಧ್ಯಾಹ್ನ ಎರಡು ಗಂಟೆ ಆದ ಮೇಲೆ ಈ ಬಾಟಲಿ ಮುಟ್ಟುವುದಿಲ್ಲ.

ದೊಡ್ಡವರಿಗೆ, ಅದೂ ಆರೋಗ್ಯ ಚೆನ್ನಾಗಿದ್ದರೆ, ಕುಡಿಯಲೇಬೇಕು ಅನಿಸಿದ ದಿನ 250 ಎಂಎಲ್‌ನ ಒಂದು ಬಾಟಲಿ ಸಾಕು. ಅವತ್ತು ಎರಡು ಕಾಫಿ ಬಿಡಿ. ಖಾಲಿ ಹೊಟ್ಟೆಯಲ್ಲಿ ಬೇಡ. ದೊಡ್ಡ ಬಾಟಲಿ ಅಗ್ಗ ಅಂತ ತಂದರೆ ಮುಚ್ಚಳ ಮುಚ್ಚಿ ಅರ್ಧ ಇಡುವವರು ಯಾರೂ ಇಲ್ಲ, ಅಲ್ವಾ? ಬಿಪಿ ಇರುವವರು, ಎದೆಬಡಿತ ಏರುಪೇರಾಗುವವರು ಮೊದಲು ಡಾಕ್ಟರನ್ನು ಕೇಳಿ. ಮದ್ಯದ ಜೊತೆ ಬೆರೆಸುವುದು ಈಗ ಹುಡುಗರಲ್ಲಿ ಒಂದು ಫ್ಯಾಷನ್. ಕೆಫೀನ್ ಅಮಲನ್ನು ಇಳಿಸುವುದಿಲ್ಲ, ಅಮಲಾಗಿದೆ ಅಂತ ಗೊತ್ತಾಗದ ಹಾಗೆ ಮಾಡುತ್ತದೆ, ಅಷ್ಟೇ. ಅದರ ಮೇಲೆ ಬೈಕ್ ಹತ್ತಿದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಮಕ್ಕಳ ವಿಷಯದಲ್ಲಿ ನನಗೆ ಲೆಕ್ಕವೇ ಬೇಡ ಅನಿಸುತ್ತದೆ. ಆದರೂ ಹೇಳುತ್ತೇನೆ. ಯುರೋಪಿನವರು ಮಕ್ಕಳಿಗೆ ಇಟ್ಟಿರುವ ಮಿತಿ ದಿನಕ್ಕೆ ಒಂದು ಕಿಲೋ ತೂಕಕ್ಕೆ 3 ಮಿಲಿಗ್ರಾಂ. ಊರ ಜಾತ್ರೆಯಲ್ಲಿ ಒಬ್ಬ ಎರಡನೇ ಕ್ಲಾಸಿನ ಹುಡುಗ ಎರಡೂ ಕೈಯಲ್ಲಿ ಆ ಬಾಟಲಿ ಹಿಡಿದು ಕುಡಿಯುತ್ತಿದ್ದ. 22 ಕಿಲೋ ಇದ್ದರೆ ಹೆಚ್ಚು. ಅವನ ಮಿತಿ 66. ಬಾಟಲಿ 72. ಬೆಳಿಗ್ಗೆ ಕುಡಿದ ಟೀ ಬೇರೆ. ಅವರಪ್ಪ ಪಕ್ಕದಲ್ಲೇ ನಿಂತಿದ್ದರು, "ಜ್ಯೂಸು" ಅಂತ ಕೊಡಿಸಿದ್ದರು. ಕೆಂಪಗೆ ಸಿಹಿಯಾಗಿದ್ದರೆ ಜ್ಯೂಸೇ ಅಂತ ಅವರ ನಂಬಿಕೆ. ಅಂಗಡಿಯವರೂ ಏನೂ ಹೇಳುವುದಿಲ್ಲ. ಲಿಥುವೇನಿಯಾ ಅನ್ನುವ ಪುಟ್ಟ ದೇಶದಲ್ಲಿ 2014ರಿಂದಲೇ 18 ವರ್ಷ ಆಗದವರಿಗೆ ಇದನ್ನು ಮಾರುವ ಹಾಗಿಲ್ಲ. ಪೋಲೆಂಡಿನಲ್ಲಿ 2024ರಿಂದ. ನಮ್ಮಲ್ಲಿ ಸದ್ಯಕ್ಕೆ ಅಪ್ಪ ಅಮ್ಮಂದಿರೇ ಕಾವಲು.

ಮತ್ತೆ ಟ್ರಾಕ್ಟರ್ ಹತ್ತಿರ ಬರೋಣ. ಅವತ್ತು ಅಕ್ಕನ ಮಗನ ಲೆಕ್ಕ ಕೂಡಿಸಿದೆವು. ಎರಡು ಬಾಟಲಿ 145. ನಾಲ್ಕು ಟೀ, ಗೂಡಂಗಡಿಯ ಚಿಕ್ಕ ಲೋಟದ್ದು, ತಲಾ 20 ಅಂತಿಟ್ಟರೂ 80. ಒಟ್ಟು 225. 300ರ ಒಳಗೇ ಇದೆ. "ನೋಡು ಮಾವ, ಸುಮ್ನೆ ಹೆದರಿಸ್ತೀಯ" ಅಂತ ನಕ್ಕ. ಅವನು ಹೇಳಿದ್ದೂ ಸರಿಯೇ. ಆದರೆ ಅವನು ಮಲಗಿ ಎಷ್ಟು ಹೊತ್ತಾಗಿತ್ತು ಅಂತ ಕೇಳಿದೆ. ಹಿಂದಿನ ದಿನ ಬೆಳಿಗ್ಗೆ ಎದ್ದವನು. ಅಲ್ಲಿಗೆ ನಗು ನಿಂತಿತು.

ಬ್ರಿಟನ್ನಿನಲ್ಲಿ ಚಾಲಕರಿಗೆ ಕೊಡುವ ಅಧಿಕೃತ ಸಲಹೆ ಒಂದಿದೆ. ನಿದ್ದೆ ಬಂದರೆ ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸಿ, ಎರಡು ಕಪ್ ಕಾಫಿ ಕುಡಿದು, ಕಾಲು ಗಂಟೆಯಾದರೂ ಮಲಗಿ ಅಂತ. ಕುಡಿದು ಮಲಗೋದು ವಿಚಿತ್ರ ಅನಿಸಬಹುದು. ಟವೆಲ್ ಕತೆ ನೆನಪಿಸಿಕೊಳ್ಳಿ. ಕೆಫೀನ್ ಬಂದು ಸೇರೋಕೆ ಹೇಗೂ ಅರ್ಧ ಗಂಟೆ ಬೇಕು. ಆ ಹೊತ್ತಿನಲ್ಲಿ ಒಂದು ಸಣ್ಣ ನಿದ್ದೆ ತೆಗೆದರೆ ನಿಂತವರಲ್ಲಿ ಒಂದಷ್ಟು ಜನ ಇಳಿದು ಹೋಗಿರುತ್ತಾರೆ. ಎದ್ದಾಗ ಎರಡರ ಲಾಭವೂ ಸಿಗುತ್ತದೆ.

ಇದನ್ನು ಅವನಿಗೆ ಹೇಳಿದೆ. ತಲೆ ಕೆರೆದುಕೊಂಡ. "ಸಾಲು ಮುಂದುಕ್ಕೆ ಹೋಗ್ಬುಟ್ರೆ?" ಅಂದ. ಅದೂ ನಿಜ. ಹಿಂದಿನ ಗಾಡಿಯವನು ಬಂದು ನುಗ್ಗಿದರೆ ರಾತ್ರಿಯೆಲ್ಲ ಕಾದಿದ್ದು ನೀರುಪಾಲು. ಎರಡು ವಾರ ಆದ ಮೇಲೆ ಮತ್ತೆ ಡಬ್ಬಿ ತೆಗೆದುಕೊಂಡು ಹೋದೆ. ಸೀಟಿನ ಪಕ್ಕ ಒಂದೇ ಬಾಟಲಿ ಇತ್ತು. ಹುಡುಗ ಕಾಣಲಿಲ್ಲ. ಹಿಂದಿನ ಟ್ರಾಕ್ಟರಿನವನು ಕೈ ತೋರಿಸಿದ. ಟ್ರೇಲರ್ ಪಕ್ಕ ಗೋಣಿಚೀಲ ಹಾಸಿಕೊಂಡು, ಮುಖದ ಮೇಲೆ ಟವೆಲ್ ಹೊದ್ದು ಗೊರಕೆ ಹೊಡೆಯುತ್ತಿದ್ದ. "ಒಬ್ರು ಮನಗದು, ಒಬ್ರು ಕಾಯದು, ಹಂಗೆ ಮಾತಾಗದೆ ಸಾರ್" ಅಂದ ಅವನು. "ಎಬ್ಬುಸ್ಬೇಡಿ, ಇನ್ನೂ ಹತ್ ನಿಮ್ಷ ಅದೆ."

ಡಬ್ಬಿಯನ್ನು ಸೀಟಿನ ಮೇಲಿಟ್ಟು ಬಂದೆ.

ನಮಸ್ಕಾರ.