ನೊಣ ಹಾಕಿದ್ದು ಸಾಕು, ಬಿಸಿಲಿಗಿಡಿ

ನಮಸ್ಕಾರ, ಪುಣೆಯ ಕೋಥರೂಡ್‌ನ ನಮ್ಮ ಟೆರೇಸಿನಿಂದ. ಹಿಂದಿನ ವಿಡಿಯೋ ಕೆಳಗೆ ಒಬ್ಬರು ತಮ್ಮ ಹುಳ ಹಿಡಿಯುವ ಗಿಡದ ಬಗ್ಗೆ ಬರೆದಿದ್ದಾರೆ: "ಸರ್, ನನ್ನ ವೀನಸ್ ಫ್ಲೈಟ್ರ್ಯಾಪ್ ಡಿಸೆಂಬರಿನಿಂದ ಮಂಕಾಗಿದೆ. ಎಸಿ ರೂಮಿನಲ್ಲಿಟ್ಟು ದಿನಾ ಇರುವೆ ಹಾಕುತ್ತೇನೆ. ಚಿಕನ್ ಚೂರೂ ಹಾಕಿದೆ. ಇನ್ನೇನು ಹಾಕಲಿ?"

ಬಿಸಿಲು ಹಾಕಿ ಮಾರಾಯರೇ!

ಡಿಸೆಂಬರಿನಲ್ಲಿ ಮಂಕಾಗುವುದು ರೋಗ ಅಲ್ಲ, ನಿದ್ದೆ. ಮೂರು-ನಾಲ್ಕು ತಿಂಗಳು ಹಾಗೇ ಇರುತ್ತದೆ. ಪುಣೆಯಲ್ಲಿ ಜನವರಿ ರಾತ್ರಿ 10 ಡಿಗ್ರಿ ಹತ್ತಿರ ಇಳಿಯುತ್ತದಲ್ಲ, ಆ ಚಳಿ ಅದಕ್ಕೆ ಬೇಕು. ಮುಂಬೈ, ಗೋವಾದವರು ಕೋಪಿಸಿಕೊಳ್ಳಬೇಡಿ, ನಿಮ್ಮಲ್ಲಿ ಚಳಿಗಾಲ ಅಂದರೆ ಫ್ಯಾನ್ ಒಂದು ಪಾಯಿಂಟ್ ಕಡಿಮೆ ಮಾಡುವುದು.

ಚಳಿ ಮುಗಿದ ಮೇಲೆ ಕುಂಡದ ಹತ್ತಿರ ಬಗ್ಗಿ ನೋಡಿ. ಸುತ್ತ ಕಪ್ಪಾದ ಎಲೆಗಳು, ನಡುವೆ ಸುರುಳಿ ಸುತ್ತಿದ ಒಂದು ಎಳೆ ಹಸಿರು ಕುಡಿ. ಕಪ್ಪು ಎಲೆ ಕತ್ತರಿಸಿ ತೆಗೆಯಿರಿ. ಗಿಡ ಹೊರಗಿಡಿ. ಮೊದಲು ಬೆಳಗಿನ ಒಂದೆರಡು ಗಂಟೆ, ವಾರ-ಹತ್ತು ದಿನದಲ್ಲಿ ಆರು ಗಂಟೆ. ಒಳ್ಳೆ ಬಿಸಿಲು ಬಿದ್ದರೆ ಎಲೆ ತುದಿಯಲ್ಲಿರುವ, ಹುಳ ಹಿಡಿಯುವ ಬಲೆಯ ಒಳಗೆ ಕೆಂಪು ಏರುತ್ತದೆ.

"ಕಾಡಿನ ಗಿಡ ಅಲ್ವಾ, ನೆರಳು ಬೇಡವಾ?" ಯಾವ ಕಾಡು? ಅದರ ಊರು ಅಮೆರಿಕದ ಉತ್ತರ, ದಕ್ಷಿಣ ಕ್ಯಾರೊಲಿನಾದ ಕರಾವಳಿ ಬಯಲು. ಅಲ್ಲಿ ಆಗಾಗ ಕಾಡ್ಗಿಚ್ಚು ಬಂದು ಎತ್ತರದ ಪೊದೆಗಳನ್ನು ಸುಡುತ್ತದೆ. ಅದರಿಂದಲೇ ಇದಕ್ಕೆ ಬೆಳಕು. ಬೆಂಕಿ ಬಿದ್ದರೂ ಪರವಾಗಿಲ್ಲ, ನೆರಳು ಬೇಡ ಅನ್ನುವ ಗಿಡವನ್ನು ನೀವು ಪರದೆ ಹಿಂದೆ ಇಟ್ಟಿದ್ದೀರಿ! ಅಷ್ಟು ದೂರ ಯಾಕೆ, ಮಳೆಗಾಲದಲ್ಲಿ ಸಾತಾರದ ಕಾಸ್ ಪ್ರಸ್ಥಭೂಮಿಗೆ ಹೋಗಿ. ಅಲ್ಲಿನ ಕೀಟ ಹಿಡಿಯುವ ಡ್ರೊಸೆರಾ ಬೆಳೆಯುವುದೂ ಬಟ್ಟಬಯಲಿನಲ್ಲೇ.

"ನೊಣ ತಿನ್ನದಿದ್ದರೆ ಉಪವಾಸ ಸಾಯುತ್ತದೆ" ಅನ್ನುವವರಿಗೆ ಕೈಮುಗಿದೆ. ಅದೂ ಗಿಡವೇ ಸ್ವಾಮಿ, ಅಡುಗೆ ಎಲೆಯಲ್ಲೇ, ಒಲೆ ಸೂರ್ಯ. ನೊಣದಿಂದ ಸಿಗುವುದು ಸಾರಜನಕದಂಥ ಪೋಷಕಾಂಶ, ಅಷ್ಟೇ. ಹೊರಗಿಟ್ಟರೆ ಹುಳ ತಾನೇ ಬರುತ್ತದೆ. ಬಲೆಯೊಳಗಿನ ಕೂದಲನ್ನು ಸುಮಾರು 20 ಸೆಕೆಂಡಿನೊಳಗೆ ಎರಡು ಸಲ ಮುಟ್ಟಿತೋ, ಬಲೆ ಮುಚ್ಚಿತು. ರೀಲ್ಸ್‌ಗಾಗಿ ಬೆರಳು ಹಾಕುವವರೇ, ಒಂದು ಬಲೆ ಕೆಲವೇ ಸಲ ಮುಚ್ಚಿ ತೆರೆಯುತ್ತದೆ. ಆಮೇಲೆ ಮುಗಿಯಿತು. ಚಿಕನ್ ಅಂತೂ ಅಲ್ಲೇ ಕೊಳೆಯುತ್ತದೆ, ಅದನ್ನು ನೀವೇ ತಿನ್ನಿ.

ನೀರು? ಮಳೆನೀರು, ಇಲ್ಲವೇ ಡಿಸ್ಟಿಲ್ಡ್ ವಾಟರ್. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣದ ಅಳತೆ, 50ರ ಕೆಳಗಿರಲಿ, ಕುಂಡದ ಕೆಳಗಿನ ತಟ್ಟೆಯಲ್ಲಿ ನಿಲ್ಲಿಸಿ. ಗುಲಾಬಿಗೆ ಹಾಕುವ ಗೊಬ್ಬರದ ಮಣ್ಣು ಇದಕ್ಕೆ ವಿಷ. ಇದಕ್ಕೆ ಬೇಕಾದ ಪೀಟ್ (ಕೊಳೆತ ಪಾಚಿಯ ಪುಡಿ), ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಬೆರೆಸಿದ್ದು ನಾನೇ ಮಾರುತ್ತೇನೆ, ಲಿಂಕ್ ಕೆಳಗಿದೆ, ಕೂಪನ್ ಕೋಡ್ 'ಬಿಸಿಲು'. ಹೌದು, ಬೇಕಂತಲೇ ಇಟ್ಟಿದ್ದು.

"ಗ್ರೋ ಲೈಟ್ ಸಾಲದಾ ಸರ್?" ಸಾಲುತ್ತದೆ, ಒಳ್ಳೆಯದಾದರೆ. ಆದರೆ ಮೇಲೆ ಸೂರ್ಯ ಬಿಟ್ಟಿ ಉರಿಯುತ್ತಿರುವಾಗ ಕರೆಂಟ್ ಬಿಲ್ ಯಾಕೆ? ವಾದ ಬೇಡ. ಬಿಸಿಲಿಗಿಡಿ. ಯಾಕೆ ಅಂದರೆ? ಬಿಸಿಲಿಗಿಡಿ ಅಂದೆನಲ್ಲ!

ಲೈಕ್ ಮಾಡಿ, ಬೆಲ್ ಒತ್ತಿ. ಮುಂದಿನ ವಾರ ಹೂವಿನ ದಂಟು ಬಿಡಬೇಕಾ ಕತ್ತರಿಸಬೇಕಾ ಅಂತ ಜಗಳ ಆಡೋಣ. ಬಲ ಎಲ್ಲ ಹೂವಿಗೇ ಹೋಗುತ್ತದೆ, ಕತ್ತರಿಸಿ. ಆದರೂ ವಿಡಿಯೋ ನೋಡಿ.