ಮಟ್ಟಿ, ಮರದ ನೆಲ, ಬೀಗದ ಕೈ

ಎಲ್ಲರಿಗೂ ನಮಸ್ಕಾರ. ಮೂವತ್ತು ವರ್ಷ ಕಾಲೇಜುಗಳಲ್ಲಿ ಪಿ.ಡಿ., ಅಂದರೆ ಆಟದ ಮೇಷ್ಟ್ರು ಆಗಿದ್ದವನು ನಾನು. ವಿಷಲ್ ಊದಿ ಅಭ್ಯಾಸ, ಭಾಷಣ ಮಾಡಿ ಅಲ್ಲ. ಜಾಸ್ತಿ ಎಳೆದರೆ ಕೈ ಎತ್ತಿ, ನಿಲ್ಲಿಸುತ್ತೇನೆ. ಕಾಲೇಜು ಮಕ್ಕಳಿಗೆ ಬಾಸ್ಕೆಟ್‌ಬಾಲ್ ಅಭ್ಯಾಸದ ಕಟ್ಟಡ ಹೇಗಿರಬೇಕು ಅನ್ನೋದೇ ಇವತ್ತಿನ ನನ್ನ ಮಾತು.

ಅಮೆರಿಕದ ವಿಶ್ವವಿದ್ಯಾನಿಲಯಗಳು ಬಾಸ್ಕೆಟ್‌ಬಾಲ್ ಅಭ್ಯಾಸಕ್ಕೆಂದೇ ಬೇರೆ ಕಟ್ಟಡ ಕಟ್ಟಿಸುತ್ತವೆ. ಪಂದ್ಯ ಆಡೋಕೆ ದೊಡ್ಡ ಸ್ಟೇಡಿಯಂ ಇದ್ದರೂ ಇದು ಬೇರೆ. ನಮ್ಮಲ್ಲಿ ಇದನ್ನು ಹೇಳಿದರೆ ಜನ ನಗುತ್ತಾರೆ. ಪ್ರಾಕ್ಟೀಸ್‌ಗೂ ಒಂದು ಬಿಲ್ಡಿಂಗಾ ಅಂತ. ಆದರೆ ಮೈಸೂರಿನವರು ನಗಬಾರದು. ದಸರಾ ಕುಸ್ತಿ ನೋಡೋಕೆ ನೀವು ದೇವರಾಜ ಅರಸು ಕ್ರೀಡಾಂಗಣಕ್ಕೆ ಹೋಗುತ್ತೀರಿ. ಪೈಲ್ವಾನ ತಯಾರಾಗೋದು ಅಲ್ಲಲ್ಲ, ಗರಡಿಮನೆಯಲ್ಲಿ. ಅಲ್ಲಿ ಗ್ಯಾಲರಿ ಇಲ್ಲ, ಚಪ್ಪಾಳೆ ಹೊಡೆಯೋರೂ ಇಲ್ಲ. ಹಳೇ ಗರಡಿಗಳಲ್ಲಿ ಬಾಗಿಲೂ ಗಿಡ್ಡ, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಅಲ್ಲಿ ಎಲ್ಲಕ್ಕಿಂತ ಜೋಪಾನ ಮಾಡೋದು ನೆಲವನ್ನು. ಕೆಮ್ಮಣ್ಣು ಜರಡಿ ಹಿಡಿದು, ಅರಿಸಿನ, ಎಣ್ಣೆ ಬೆರೆಸಿ ಹದ ಮಾಡುತ್ತಾರೆ. ಮಟ್ಟಿ ಅನ್ನೋ ಈ ಮಣ್ಣಿನ ಅಂಕಣ ಅಗೆದು ಮೆತ್ತಗೆ ಮಾಡಿದ ಮೇಲೇ ಕುಸ್ತಿ ಹಿಡಿಯೋದು. ಬಿದ್ದವನ ಮೂಳೆ ಉಳಿಯಬೇಕಲ್ಲ.

ಒಳ್ಳೆಯ ಬಾಸ್ಕೆಟ್‌ಬಾಲ್ ನೆಲದ ಲೆಕ್ಕವೂ ಇದೇ. ಮೇಲೆ ಮೇಪಲ್ ಮರದ ಹಲಗೆ, ಅದರ ಕೆಳಗೆ ಮರದ ಪಟ್ಟಿ, ಅದಕ್ಕೂ ಕೆಳಗೆ ರಬ್ಬರ್ ತುಂಡುಗಳು. ಚೆಂಡು ಸರಿಯಾಗಿ ಪುಟಿಯಬೇಕು, ಹಾರಿ ಇಳಿದವನ ಏಟನ್ನು ನೆಲ ಸ್ವಲ್ಪ ನುಂಗಬೇಕು. ನಮ್ಮ ಹುಡುಗರು ಸಿಮೆಂಟ್ ಕೋರ್ಟ್ ಮೇಲೆ ದಿನಾ ನೂರಾರು ಸಲ ಹಾರುತ್ತಾರೆ. ಇಪ್ಪತ್ತು ವರ್ಷಕ್ಕೇ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಬಂದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹಾಗಂತ ಮರದ ನೆಲವೇ ಬೇಕು ಅಂತ ಹಟ ಹಿಡಿಯಬೇಡಿ. ಮಳೆಗಾಲದ ತೇವಕ್ಕೆ ಹಲಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಕಟ್ಟಡ ಪೂರ್ತಿ ಮುಚ್ಚಿ, ಒಳಗಿನ ತೇವ ಹಿಡಿತದಲ್ಲಿಡಬೇಕು. ಆ ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ? ಮೈಸೂರಿನ ಹವೆಗೆ ನಾನು ಕೇಳೋದು ಇಷ್ಟೇ. ಮೇಲೆ ಗಟ್ಟಿ ಚಾವಣಿ, ಎರಚಲು ತಡೆಯುವಷ್ಟು ಉದ್ದ ಸೂರು, ಪಕ್ಕಗಳು ತೆರೆದಿರಲಿ. ಕೆಳಗೆ ಕುಶನ್ ಇರುವ ಸಿಂಥೆಟಿಕ್ ನೆಲ. ಎ.ಸಿ. ಬೇಡವೇ ಬೇಡ.

ಅಳತೆ ಮಾತ್ರ ಬಿಡಬೇಡಿ. ಕೋರ್ಟ್ 28 ಮೀಟರ್ ಉದ್ದ, 15 ಮೀಟರ್ ಅಗಲ. ಗೆರೆಯಿಂದ ಆಚೆ ಸುತ್ತ 2 ಮೀಟರ್ ಖಾಲಿ. ಮೇಲೆ 7 ಮೀಟರ್‌ವರೆಗೆ ತೊಲೆ, ಫ್ಯಾನು, ಲೈಟು ಏನೂ ಅಡ್ಡ ಬರಬಾರದು. ಚೆಂಡು ಹಾಕುವ ರಿಂಗ್ ಇರೋದು 3.05 ಮೀಟರ್ ಎತ್ತರದಲ್ಲಿ, ಅಂದರೆ 10 ಅಡಿ. ಈ 10 ಅಡಿ ಯಾರೂ ಕೂತು ಲೆಕ್ಕ ಹಾಕಿದ್ದಲ್ಲ. 1891ರ ಡಿಸೆಂಬರ್, ಅಮೆರಿಕದ ಸ್ಪ್ರಿಂಗ್‌ಫೀಲ್ಡ್. ಚಳಿಗೆ ಹೊರಗೆ ಆಡೋ ಹಾಗಿಲ್ಲ. ಜೇಮ್ಸ್ ನೈಸ್ಮಿತ್ ಅನ್ನೋ ಮೇಷ್ಟ್ರ ತರಗತಿಯಲ್ಲಿ 18 ಜನ ತರಲೆ ಹುಡುಗರು. ಅವರಿಗೊಂದು ಹೊಸ ಆಟ ಕಟ್ಟಬೇಕಿತ್ತು. ಕಟ್ಟಡ ನೋಡಿಕೊಳ್ಳುತ್ತಿದ್ದವನ ಹತ್ತಿರ ಎರಡು ಪೆಟ್ಟಿಗೆ ಕೇಳಿದರು. ಪೆಟ್ಟಿಗೆ ಇರಲಿಲ್ಲ, ಆತ ಪೀಚ್ ಹಣ್ಣಿನ ಬುಟ್ಟಿ ತಂದುಕೊಟ್ಟ. ಮಹಡಿಯ ಕಟಕಟೆ 10 ಅಡಿ ಎತ್ತರದಲ್ಲಿತ್ತು, ಬುಟ್ಟಿಗಳನ್ನು ಅಲ್ಲಿಗೇ ಮೊಳೆ ಹೊಡೆದು ಕೂರಿಸಿದರು. ಇವತ್ತಿಗೂ ಪ್ರಪಂಚವೆಲ್ಲ ಅದೇ ಎತ್ತರಕ್ಕೆ ಎಸೆಯುತ್ತಿದೆ. ಇನ್ನೊಂದು ಮಾತು. ಇದೇ ನೈಸ್ಮಿತ್ ಆಮೇಲೆ ಕಾನ್ಸಾಸ್ ವಿಶ್ವವಿದ್ಯಾನಿಲಯದ ತಂಡಕ್ಕೆ ಕೋಚ್ ಆದರು. ಗೆದ್ದದ್ದು 55, ಸೋತದ್ದು 60. ಆಟ ಹುಟ್ಟಿಸಿದವರ ಲೆಕ್ಕವೇ ಹೀಗಿದ್ದರೆ ನಮ್ಮಂಥ ಪಿ.ಡಿ.ಗಳ ಪಾಡು ಕೇಳಬೇಡಿ.

ಈಗ ಒಂದು ಸಣ್ಣ ಗಣಿತ. 24 ಮಕ್ಕಳು, ಎರಡು ರಿಂಗ್. ಒಂದು ರಿಂಗಿಗೆ 12 ಜನರ ಸಾಲು. ಐದು ಸೆಕೆಂಡಿಗೆ ಒಂದು ಎಸೆತ ಅಂದುಕೊಂಡರೂ ಅರ್ಧ ಗಂಟೆಯಲ್ಲಿ ಒಬ್ಬರಿಗೆ ಸಿಗೋದು 30. ಉಳಿದ ಹೊತ್ತು ಸುಮ್ನೆ ನಿಂತು ಹರಟೆ. ಅದೇ ಕೋರ್ಟಿನ ಪಕ್ಕಗಳಲ್ಲಿ ಇನ್ನೂ ನಾಲ್ಕು ರಿಂಗ್ ಹಾಕಿ. ಒಬ್ಬೊಬ್ಬರಿಗೆ 90 ಎಸೆತ. ಅಭ್ಯಾಸದ ಕಟ್ಟಡ ಅಂದರೆ ಇದು. ಗ್ಯಾಲರಿಗೆ ಸುರಿಯುವ ದುಡ್ಡಲ್ಲಿ ನಾಲ್ಕು ಕಂಬ ನೆಡೋದು ಏನು ಕಷ್ಟ? ಆದರೆ ಉದ್ಘಾಟನೆಗೆ ಬಂದವರು ಎಲ್ಲಿ ಕೂರಬೇಕು ಅನ್ನೋ ಚಿಂತೆ ಮೊದಲು ಬರುತ್ತದೆ.

ಹೆಣ್ಣುಮಕ್ಕಳ ವಿಷಯ. ಆಟ ಹುಟ್ಟಿದ ಮಾರನೇ ವರ್ಷ, 1892ರಲ್ಲೇ, ಸೆಂಡಾ ಬೆರೆನ್ಸನ್ ಅನ್ನೋ ಶಿಕ್ಷಕಿ ಅಮೆರಿಕದ ಸ್ಮಿತ್ ಕಾಲೇಜಿನ ಹುಡುಗಿಯರಿಗೆ ಇದನ್ನು ಕಲಿಸಿದರು. ನಮ್ಮಲ್ಲಿ 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಏಷ್ಯಾ ಕಪ್ಪಿನ ಬಿ ಡಿವಿಷನ್, ಅಂದರೆ ಎರಡನೇ ದರ್ಜೆ, ಗೆದ್ದವರು ಭಾರತ ತಂಡದ ನಮ್ಮ ಹುಡುಗಿಯರೇ. ನಮ್ಮ ಕಾಲೇಜು ಹುಡುಗಿಯರಿಗೆ ಬಟ್ಟೆ ಬದಲಾಯಿಸೋಕೆ ಚಿಲಕ ಇರುವ ಒಂದು ಕೋಣೆ, ನೀರು ಬರುವ ಶೌಚಾಲಯ, ಹಾಸ್ಟೆಲ್‌ವರೆಗೆ ದಾರಿದೀಪ ಬೇಕು. ಪ್ಲಾನಿನಲ್ಲಿ ಇವು ಕೊನೆಯ ಪುಟದಲ್ಲಿರುತ್ತವೆ, ದುಡ್ಡು ಕಡಿಮೆಯಾದಾಗ ಮೊದಲು ಕತ್ತರಿಸೋದೂ ಇವನ್ನೇ. ಸಿಂಥೆಟಿಕ್ ಟ್ರ್ಯಾಕು, ಜಿಮ್ಮು ಎಲ್ಲ ಬರಲಿ, ಬೇಡ ಅನ್ನೋಲ್ಲ. ಈ ಚಿಲಕ ಮೊದಲು ಬರಲಿ.

ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಂಥ ಕ್ಯಾಂಪಸ್ಸಿನಲ್ಲಿ ಜಾಗಕ್ಕೆ ಬರವಿಲ್ಲ. ಬೆಳಗಿನ ಜಾವ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಎಷ್ಟು ಜನ ನಡೀತಾರೆ ನೋಡಿ. ಬಾಗಿಲು ತೆರೆದಿದ್ದರೆ ಜನ ತಾವಾಗಿಯೇ ಬರುತ್ತಾರೆ. ಬಾಗಿಲ ಮಾತು ಬಂತಲ್ಲ, ಒಂದು ಕಥೆ ಹೇಳಿ ಇಳಿಯುತ್ತೇನೆ.

ನಾನಿದ್ದ ಒಂದು ಕಾಲೇಜಿನಲ್ಲಿ, ಹೆಸರು ಬೇಡ, ಒಳಾಂಗಣ ಕಟ್ಟಿಸಿದರು. ಕಲ್ಲಿನ ಮೇಲೆ ಹದಿನೇಳು ಹೆಸರು. ಮಾರನೇ ದಿನ ಬೀಗ. ನೆಲ ಹಾಳಾಗುತ್ತದಂತೆ. ಬೀಗದ ಕೈ ಆಫೀಸಿನಲ್ಲಿ, ಆಫೀಸು ತೆರೆಯೋದು ಹತ್ತಕ್ಕೆ, ಮುಚ್ಚೋದು ಐದೂವರೆಗೆ. ಮಕ್ಕಳು ಬರೋದು ಬೆಳಗ್ಗೆ ಆರಕ್ಕೆ, ಇಲ್ಲ ಸಂಜೆ ಆರಕ್ಕೆ. ಆಮೇಲೆ ಪರೀಕ್ಷೆಗೆ ಅಂತ ಅದೇ ನೆಲದ ಮೇಲೆ ಬೆಂಚು ಎಳೆದಾಡಿದರು. ಆಗ ನೆಲ ಹಾಳಾಗಲಿಲ್ಲ!

ಅಲ್ಲಿ ವಾಚ್‌ಮನ್ ಒಬ್ಬರಿದ್ದರು. ಒಂದು ದಿನ ಏನೂ ಹೇಳದೆ ಇನ್ನೊಂದು ಕೀ ಮಾಡಿಸಿಕೊಂಡು ಬಂದರು. 'ಸಾರ್, ಆಡಿದ ಮೇಲೆ ಗುಡಿಸಿ ಹೋಗಲಿ, ಅಷ್ಟೇ' ಅಂದರು. ಆರಕ್ಕೆ ಬಾಗಿಲು ತೆಗೆದು ರಿಂಗಿನ ಕೆಳಗೆ ಸ್ಟೂಲ್ ಹಾಕಿ ಕೂರೋರು. ಕೈಗೆ ಸಿಕ್ಕ ಚೆಂಡನ್ನು ವಾಪಸ್ ಎಸೆಯೋರು. ಆ ವರ್ಷ ನಮ್ಮ ತಂಡ ಏನೂ ಗೆಲ್ಲಲಿಲ್ಲ, ನಿಜ. ಆದರೆ ಫ್ರೀ ಥ್ರೋ, ಅಂದರೆ ಫೌಲಿಗೆ ಸಿಗುವ ಎಸೆತ, ತಪ್ಪೋದು ಕಡಿಮೆಯಾಯಿತು.

ಅವರು ರಿಟೈರ್ ಆದ ದಿನ ಆ ಕೀ ನನ್ನ ಕೈಗೆ ಕೊಟ್ಟರು. ಇಲ್ಲೇ ಜೇಬಿನಲ್ಲಿದೆ, ನೋಡಿ. ಅಲ್ಲಿ ಬೀಗ ಬದಲಾಯಿಸಿ ತುಂಬಾ ವರ್ಷವಾಯಿತು.